ಬ್ಯಾರನ್ ಆಟ ಮತ್ತು ನನ್ನ ನೂಲಿನ ಡಬ್ಬಿ

ಪ್ರತಿ ಭಾನುವಾರ ಹತ್ತು ಗಂಟೆಗೆ ಉಗಿಸಿಕೊಳ್ಳಲು ಹೋಗಬೇಕಿತ್ತು. ಹಾಗಾಗಿ ಎಂಟೂವರೆಯೊಳಗೆ ಹುರುಳಿ ಸಾರು ಇಳಿಸಿ, ಮುದ್ದೆಗೆ ಹಿಟ್ಟು ಅಳೆದಿಟ್ಟು, ಅತ್ತೆಯ ಎಲೆಅಡಿಕೆ ಡಬ್ಬಿಗೆ ಸುಣ್ಣ ತುಂಬಿ, ಬಿಳಿಕೆರೆ ಕಡೆಯಿಂದ ಬರುವ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತುತ್ತಿದ್ದೆ. ಒಂದು ಕೈಯಲ್ಲಿ ಗ್ರಾಫ್ ಪುಸ್ತಕ, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಡಬ್ಬಿಯ ತುಂಬ ಕಸೂತಿಯ ನೂಲು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಗೊಬ್ಬರದ ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲೆ ಕಂಪ್ಯೂಟರ್ ಸೆಂಟರು. ಗೊಬ್ಬರದ ಘಾಟು ಅಲ್ಲಿಯವರೆಗೂ ಬರುತ್ತಿತ್ತು. ಅಲ್ಲಿ ನಾವು ನಾಲ್ಕು ಜನ ಮೊಬೈಲಿನಲ್ಲಿ ಆಡುವ ಆಟ ತಯಾರಿಸುತ್ತಿದ್ದೆವು.

ಬಣ್ಣದ ಪರದೆಯ ಮೊಬೈಲು ನಮ್ಮ ಕಡೆಯ ಜೇಬುಗಳಿಗೆ ಆಗಷ್ಟೇ ಬಂದಿದ್ದ ಕಾಲ ಅದು, ಎರಡು ಸಾವಿರದ ಐದಾರರ ಆಸುಪಾಸು. ನನಗೆ ನಲವತ್ತಕ್ಕೆ ಎರಡು ಕಡಿಮೆ. ನಾನು ಕಂಪ್ಯೂಟರ್ ಕಲಿತವಳಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹೇಳಿಕೊಡುತ್ತಿದ್ದೆ. ಗಿಳಿಯಾಗಲಿ, ಗುಲಾಬಿಯಾಗಲಿ, ಮೊದಲು ಗ್ರಾಫ್ ಹಾಳೆಯ ಮನೆಮನೆಗಳಲ್ಲಿ ಬರೆದುಕೊಂಡು, ಒಂದೊಂದು ಮನೆಯಲ್ಲೂ ಯಾವ ನೂಲು ಎಂದು ನಂಬರು ಹಾಕುತ್ತಿದ್ದೆ. ನೂಲಿನ ಪ್ರತಿ ಲಡಿಗೂ ಸುತ್ತಿದ ಕಾಗದದ ಪಟ್ಟಿಯಲ್ಲಿ ಕಂಪನಿಯವರು ಬಣ್ಣದ ನಂಬರು ಅಚ್ಚು ಹಾಕಿರುತ್ತಾರಲ್ಲ, ಅದೇ ನಂಬರು. ಸೆಂಟರು ನಡೆಸುತ್ತಿದ್ದವರ ಹೆಂಡತಿ ನನ್ನ ಹತ್ತಿರ ಕಲಿಯಲು ಬರುತ್ತಿದ್ದಳು. ಅವಳ ಗ್ರಾಫ್ ಪುಸ್ತಕ ಗಂಡನ ಕಣ್ಣಿಗೆ ಬಿತ್ತು. ಮಾರನೆಯ ದಿನ ಅವರು ಮನೆಗೇ ಬಂದರು.

"ಅಕ್ಕ, ಮೊಬೈಲ್ ಪರದೆ ಒಳಗೂ ಇದೇ ಕಣಕ್ಕ ಇರೋದು. ಸಣ್ಣ ಸಣ್ಣ ಮನೆ. ಒಂದೊಂದು ಮನೆಗೆ ಒಂದೊಂದು ಬಣ್ಣ. ನಮ್ಮ ಹುಡುಗ್ರಿಗೆ ಪ್ರೋಗ್ರಾಂ ಬರೆಯಕ್ಕೆ ಬತ್ತದೆ, ಒಂದು ಎಲೆ ಬರೆಯಕ್ಕೆ ಬರಲ್ಲ."

ನನ್ನ ಗಂಡ ಜಗಲಿಯಲ್ಲಿ ಕೂತು ಹೊಗೆಸೊಪ್ಪು ಕಟ್ಟುವ ಕಡ್ಡಿ ಎಣಿಸುತ್ತಿದ್ದರು. ತಲೆ ಎತ್ತಲಿಲ್ಲ. ಸೆಂಟರಿನವರು ಹೋದ ಮೇಲೆ, "ಆಟ ಆಡೋ ವಯಸ್ಸಾ ನಿಂದು?" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಇನ್ನಿಬ್ಬರನ್ನೂ ಹೇಳಿಬಿಡುತ್ತೇನೆ. ಪ್ರೋಗ್ರಾಂ ಬರೆಯುತ್ತಿದ್ದವನು ಕೆ.ಆರ್. ನಗರದವನು. ವಾರವಿಡೀ ಅಕ್ಕಿ ಗಿರಣಿಯ ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆದು ಭಾನುವಾರ ಇಲ್ಲಿಗೆ ಬರುತ್ತಿದ್ದ. ಇಪ್ಪತ್ತೈದರ ಹರೆಯ, ಇಸ್ತ್ರಿ ಮಾಡಿದ ಅಂಗಿ, ನಾಲಿಗೆಯ ತುದಿಯಲ್ಲಿ ಮೆಣಸು. ಇನ್ನೊಬ್ಬ ಪಿರಿಯಾಪಟ್ಟಣದವನು, ಮೊಬೈಲ್ ರಿಪೇರಿ ಅಂಗಡಿಯವನು. ಬೈಲಕುಪ್ಪೆಯ ಟಿಬೆಟನ್ನರು ರಿಪೇರಿಗೆ ಕೊಟ್ಟ ಹೊಸ ಹೊಸ ಸೆಟ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, ನಮ್ಮ ಆಟ ಯಾವ ಸೆಟ್ಟಿನಲ್ಲಿ ಓಡುತ್ತದೆ, ಯಾವುದರಲ್ಲಿ ಮುಗ್ಗರಿಸುತ್ತದೆ ಎಂದು ನೋಡುತ್ತಿದ್ದ. ಸೆಟ್ಟಿನ ಯಜಮಾನರಿಗೆ ಗೊತ್ತಾ ಎಂದು ಒಮ್ಮೆ ಕೇಳಿದೆ. "ಅವ್ರಿಗೇನಕ್ಕ, ಸೆಟ್ಟು ಸರಿಯಾದ್ರೆ ಸಾಕು" ಎಂದು ನಕ್ಕಿದ್ದ.

ಈಗ ಉಗಿಯುವ ವಿಷಯ. ಅದು ಸೆಂಟರಿನವರು ಮಾಡಿದ ಕಟ್ಟಳೆ. ಹತ್ತು ಗಂಟೆಗೆ ನಾಲ್ವರೂ ಮೇಜಿನ ಸುತ್ತ ಕೂರಬೇಕು. ಒಬ್ಬೊಬ್ಬರಾಗಿ ಆ ವಾರದ ಕೆಲಸ ಮೇಜಿನ ಮೇಲೆ ಇಡಬೇಕು. ಟೈಂಪೀಸಿಗೆ ಐದು ನಿಮಿಷಕ್ಕೆ ಅಲಾರಾಂ ಕೊಟ್ಟು ಉಳಿದ ಮೂವರೂ ಅದರ ತಪ್ಪು ಎತ್ತಿ ಉಗಿಯಬೇಕು. ಕೆಲಸ ಮಾಡಿದವರು ಗಂಟೆ ಹೊಡೆಯುವವರೆಗೆ ಬಾಯಿ ಬಿಡುವಂತಿಲ್ಲ. ಹೊಗಳುವಂತೆಯೂ ಇಲ್ಲ. "ಹೊಗಳಿಸ್ಕೊಂಡೋನು ಅಲ್ಲೇ ನಿಂತೋಯ್ತಾನೆ. ನಾವು ಬೆಂಗಳೂರಿನೋರ ಎದುರು ನಿಲ್ಬೇಕು ಕಣ್ರಪ್ಪ" ಎನ್ನುತ್ತಿದ್ದರು. ಆಗ ದೇಶದಲ್ಲೇ ಈ ಕಸುಬಿನವರು ಕೆಲವೇ ಜನ. ಬೆಂಗಳೂರು, ಹೈದರಾಬಾದು, ಪುಣೆ ಎಂದು ಚದುರಿಕೊಂಡಿದ್ದರು. ಅವರೆಲ್ಲ ಸೇರುವ ವೆಬ್‌ಸೈಟ್ ಒಂದಿತ್ತು. ಅಲ್ಲಿ ಒಬ್ಬರ ಆಟವನ್ನು ಇನ್ನೊಬ್ಬರು ಇಂಗ್ಲಿಷಿನಲ್ಲಿ ಉಗಿಯುತ್ತಿದ್ದರಂತೆ. ಕೆ.ಆರ್. ನಗರದವನು ಅಲ್ಲಿ ತಿಂದದ್ದನ್ನು ಇಲ್ಲಿ ತಂದು ನಮಗೆ ಬಡಿಸುತ್ತಿದ್ದ.

ನನ್ನ ಮೊದಲ ಕೆಲಸ ಯಾರೋ ವಿದೇಶದವರು ಬೆಂಗಳೂರಿನ ಕಂಪನಿಯೊಂದಕ್ಕೆ ಕೊಟ್ಟು, ಆ ಕಂಪನಿಯವರು ನಮ್ಮ ಕಡೆಗೆ ದಾಟಿಸಿದ್ದ ಹಿಮದ ಮೇಲೆ ಜಾರುವ ಆಟ. ಹಿಮವೆಂದರೆ ನನಗೆ ಪಕ್ಕದ ಮನೆಯ ಫ್ರಿಜ್ಜಿನ ಮೇಲ್ಖಾನೆ. ಚೂಪು ಮರ ಬರೆಯಿರಿ ಎಂದರು. ಬರೆದೆ.

"ಇದೇನಕ್ಕ, ಮರಾನಾ, ತೆಂಗಿನ ಪೊರಕೆನಾ?" ಎಂದ ಪಿರಿಯಾಪಟ್ಟಣದವನು.

"ಪೊರಕೆ ಅಲ್ಲ ಕಣ್ಲಾ, ಮೇಡಂ ಅವರು ಕೋಳಿ ಬರ್ದವ್ರೆ. ತಲೆಕೆಳಗಾಗಿ ನಿಂತದೆ" ಎಂದ ಕೆ.ಆರ್. ನಗರದವನು.

ಅವತ್ತು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಂದೆ. ಆದರೆ ಮುಂದಿನ ವಾರದ ಮರ ಮರದ ಹಾಗಿತ್ತು. ಅದನ್ನೂ ಉಗಿದರು, ನೆರಳು ಯಾವ ಕಡೆ ಎಂದು. ಅದರ ಮುಂದಿನ ವಾರ ನೆರಳೂ ಸರಿಯಾಯಿತು. ಮೂರು ತಿಂಗಳಲ್ಲಿ ನಾನೂ ಉಗಿಯಲು ಕಲಿತೆ. ಸೊಸೆಯಾಗಿ ಹದಿನೆಂಟು ವರ್ಷ ಕೇಳಿಸಿಕೊಂಡದ್ದು ಸುಮ್ಮನೆ ಹೋಗುತ್ತದೆಯೇ? ಕೆ.ಆರ್. ನಗರದವನು ಬರೆದ ಆಟದಲ್ಲಿ ಗುಂಡಿ ಒತ್ತಿದ ಮೇಲೆ ಮನುಷ್ಯ ಹಾರಲು ತಡವಾಗುತ್ತಿತ್ತು. "ಇವನು ಎದ್ದು, ಮುಖ ತೊಳೆದು, ಕಾಫಿ ಕುಡಿದು ಹಾರ್ತಾನೇನಪ್ಪ?" ಎಂದೆ. ಅವನ ಕಿವಿ ಕೆಂಪಾಯಿತು. ಗಂಟೆ ಹೊಡೆಯುವವರೆಗೆ ಬಾಯಿ ಬಿಡುವಂತಿಲ್ಲವಲ್ಲ! ಆ ಕೆಂಪು ಅವನ ಕಿವಿಯಿಂದ ಎಂದೂ ಪೂರ್ತಿ ಇಳಿಯಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಮ್ಮದೇ ಆಟ ಶುರುವಾದದ್ದು ನಾನು ತಡವಾಗಿ ಹೋದ ಒಂದು ಭಾನುವಾರ. ನಮ್ಮ ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಎತ್ತರದ ಗೋಡೆಯ, ಕಿಟಕಿಯಿಲ್ಲದ, ಗಾಳಿಕಿಂಡಿ ಮಾತ್ರ ಇರುವ ಕೋಣೆ. ಒಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪು ಅಂತಸ್ತು ಅಂತಸ್ತಾಗಿ ತೂಗುತ್ತಿರುತ್ತದೆ. ಹೊರಗಿನ ಒಲೆಗೆ ಸೌದೆ ಹಾಕಿ ಐದಾರು ದಿನ ಶಾಖ ಕೊಡಬೇಕು. ಶಾಖ ಬೇಗ ಏರಿಸಿದರೆ ಸೊಪ್ಪಿನಲ್ಲಿ ಹಸಿರು ಹಾಗೇ ನಿಂತುಬಿಡುತ್ತದೆ. ಹದ ತಪ್ಪಿ ಕಾಯಿಸಿದರೆ ಕಂದು ತಿರುಗುತ್ತದೆ. ಸರಿಯಾಗಿ ಬೆಂದರೆ ನಿಂಬೆಹಣ್ಣಿನ ಹಳದಿಯಿಂದ ಹೊಂಬಣ್ಣಕ್ಕೆ ಬರುತ್ತದೆ. ಆ ಹೊಂಬಣ್ಣಕ್ಕೇ ಹರಾಜಿನಲ್ಲಿ ಮರ್ಯಾದೆ. ಅವತ್ತು ಬ್ಯಾರನ್ ತುಂಬಿ ಎರಡನೇ ದಿನ. ಗಂಡ ಹೊಲಕ್ಕೆ ಹೋಗಿದ್ದರಿಂದ ಒಲೆ ನೋಡುವುದು ನನ್ನ ಪಾಲಾಗಿತ್ತು. ತಡವಾದ ಕಾರಣ ಹೇಳುತ್ತಾ ಇಷ್ಟನ್ನೂ ಹೇಳಿದೆ.

ಕೆ.ಆರ್. ನಗರದವನು ಪೆನ್ನು ಕೆಳಗಿಟ್ಟ. "ಸೌದೆ ಹಾಕೋದು, ಕಿಂಡಿ ತೆಗಿಯೋದು, ಬಣ್ಣ ನೋಡಿ ಇಳಿಸೋದು. ಇದೇ ಆಟ ಕಣ್ರೀ!"

ಅಲ್ಲಿಂದ ಮುಂದೆ ಈ ಆಟ ಯಾರದು ಎಂಬ ಮಾತು ಬಂದಾಗಲೆಲ್ಲ, ನಾನು ಹೇಳಿದ್ದು ನನ್ನದು ಎಂದು ನಾನು, ಅದರಲ್ಲಿ ಆಟ ಕಂಡದ್ದು ನನ್ನದು ಎಂದು ಅವನು. ಇಬ್ಬರದೂ ಸುಳ್ಳಲ್ಲ.

ಬ್ಯಾರನ್ ಆಟದಲ್ಲಿ ಪರದೆಯ ನಡುವೆ ಒಂದು ಎಲೆ. ಐದನೇ ಗುಂಡಿ ಒತ್ತಿದರೆ ಒಲೆಗೆ ಸೌದೆ. ಸೊನ್ನೆ ಒತ್ತಿದರೆ ಕಿಂಡಿ ತೆರೆದು ಶಾಖ ಹೊರಗೆ. ಎಲೆ ಹಸಿರಿನಿಂದ ಶುರುವಾಗಿ ಏಳು ಬಣ್ಣ ದಾಟುತ್ತದೆ. ಐದನೆಯದು ಹೊಂಬಣ್ಣ, ಅದೇ ಹದ. ಅಷ್ಟರಲ್ಲಿ ಇಳಿಸಬೇಕು. ಆರನೆಯದಕ್ಕೆ ಹೋದರೆ ದರ್ಜೆ ಇಳಿಯಿತು. ಏಳನೆಯದು ಸುಟ್ಟ ಕಂದು, ಆಟ ಮುಗಿಯಿತು. ಇಡೀ ಆಟ ಅರವತ್ತನಾಲ್ಕು ಕೆ.ಬಿ.ಯೊಳಗೆ ಹಿಡಿಯಬೇಕಿತ್ತು. ಇವತ್ತು ಒಂದು ಫೋಟೋಗೂ ಅಷ್ಟು ಜಾಗ ಸಾಲುವುದಿಲ್ಲ. ಹಾಗಾಗಿ ಎಲೆಗೆ ಸಿಕ್ಕಿದ್ದು ಹದಿನಾರು ಮನೆ ಅಗಲ, ಹದಿನಾರು ಮನೆ ಉದ್ದ. ಅದರೊಳಗೆ ನರ, ತುದಿಯ ಮುರುಟು, ಅಂಚಿನಿಂದ ಒಳಗೆ ಹರಡುವ ಹಳದಿ. ನಾನು ಬರೆದ ಚಿತ್ರಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಅದೊಂದೇ.

ಬಣ್ಣ ಕೂಡಿಸುವ ನಮ್ಮ ಕ್ರಮ ಹೀಗಿತ್ತು. ಹಾಳೆಯ ಮನೆಗಳಲ್ಲಿ ನಾನು ನೂಲಿನ ನಂಬರು ಬರೆದಿರುತ್ತಿದ್ದೆ. ಡಬ್ಬಿಯಿಂದ ಆ ಲಡಿ ತೆಗೆದು ಕಂಪ್ಯೂಟರ್ ಪರದೆಗೆ ಹಿಡಿಯುತ್ತಿದ್ದೆ. ಕೆ.ಆರ್. ನಗರದವನು ಬಣ್ಣ ಏರಿಸುತ್ತಾ ಇಳಿಸುತ್ತಾ ಹೋಗುತ್ತಿದ್ದ. "ಇನ್ನೊಂಚೂರು ಅರಿಶಿನ... ಜಾಸ್ತಿಯಾಯ್ತು... ಹಾಂ, ಬಿಡು." ನೂಲು ಮತ್ತು ಪರದೆ ಒಂದಾದಾಗ ಆ ನಂಬರಿಗೆ ಆ ಬಣ್ಣ ಎಂದು ಪ್ರೋಗ್ರಾಮಿನಲ್ಲಿ ಬರೆದುಕೊಳ್ಳುತ್ತಿದ್ದ. ಹಾಗೆ ಮೊದಲ ನಾಲ್ಕು ಎಲೆ ಮುಗಿದವು. ಉಳಿದ ಮೂರಕ್ಕೆ ಹಾಳೆ ಕೊಟ್ಟಿದ್ದೆ, ನಂಬರು ಬರೆದಿದ್ದೆ. ನೂಲು ಹಿಡಿದು ನೋಡುವುದು ಮಾತ್ರ ಬಾಕಿ. ಬೆಂಗಳೂರಿನ ಕಂಪನಿಗೆ ಆಟ ತೋರಿಸಲು ಎರಡು ವಾರ ಇತ್ತು.

ಆ ಭಾನುವಾರ ಟೀ ಲೋಟದ ಕೆಳಗೆ ಒಂದು ಪ್ರಿಂಟು ಕಾಗದ ಇತ್ತು. ಲೋಟ ಎತ್ತಿದಾಗ ಒದ್ದೆ ಉಂಗುರದ ನಡುವೆ ನನ್ನ ಎಲೆ ಕಂಡಿತು. ನಾಲ್ಕೂ ಎಲೆ ಸಾಲಾಗಿ ನಿಂತಿದ್ದವು. ಮೇಲೆ ಕೆ.ಆರ್. ನಗರದವನ ಹೆಸರು. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ, ಆದರೆ ಒಂದು ಹೆಸರು ಓದಲಾರದಷ್ಟು ದಡ್ಡಿಯಲ್ಲ.

"ಏನಪ್ಪ ಇದು, ಓದು" ಎಂದು ಪಿರಿಯಾಪಟ್ಟಣದವನ ಮುಂದೆ ಹಿಡಿದೆ.

ಅವನಿಗೆ ಎಲ್ಲದರಲ್ಲೂ ನಗು. "ಆ ವೆಬ್‌ಸೈಟ್ ಕಣಕ್ಕ. ಹೈದರಾಬಾದಿನವನೊಬ್ಬ ಬರ್ದವ್ನೆ, ಈ ಎಲೆ ಬರ್ದ ಕೈಗೆ ಮುತ್ತಿಡ್ಬೇಕು ಅಂತ." ಕೆ.ಆರ್. ನಗರದವನ ಕಡೆ ತಿರುಗಿದ. "ನೋಡ್ಲಾ, ಅಕ್ಕನ ಮುತ್ತು ಹಾರ್ಸ್‌ಕೊಂಡು ಹೋಗಿದ್ದೀಯ!"

ನಾನು ನಗಲಿಲ್ಲ. "ನನ್ನ ಹೆಸರು ಎಲ್ಲಿ?" ಎಂದೆ.

"ಅಲ್ಲಿ ಯಾರು ಹಾಕ್ತಾರೋ ಅವರ ಹೆಸರೇ ಬರೋದು ಮೇಡಂ."

"ಆಟದಲ್ಲಿ ಬರುತ್ತಾ?"

ಆಟದ ಕೊನೆಯಲ್ಲಿ ಮಾಡಿದವರ ಹೆಸರಿನ ಪರದೆಯೊಂದು ಇರುತ್ತದೆ. ಅದು ನನಗೆ ಗೊತ್ತಿತ್ತು. ಅವನು ಸೆಂಟರಿನವರನ್ನು ನೋಡಿದ. ಅವರು ಟೈಂಪೀಸಿಗೆ ಕೀ ಕೊಡತೊಡಗಿದರು. ತುಂಬಿದ ಕೀಗೇ ಮತ್ತೆ ಮತ್ತೆ ಕೊಡುತ್ತಿದ್ದರು.

"ಜಾಗ ಇಲ್ಲ ಮೇಡಂ" ಎಂದ ಅವನು. "ಅರವತ್ತನಾಲ್ಕು ಕೆ.ಬಿ. ತುಂಬೋಗದೆ. ಮೂರು ಹೆಸರು ಹಾಕಿದ್ದೀವಿ. ಅಲ್ಲಾ, ನೀವು ಕಸೂತಿ ಹಾಕೋರು. ಕಂಪನಿಯೋರು ಫೋನ್ ಮಾಡಿ ಏನಾರ ಕೇಳಿದ್ರೆ ಏನಂತೀರಿ? ಮ್ಯಾಟಿ ಬಟ್ಟೆ ಎಷ್ಟು ಮೀಟ್ರು ಅಂತೀರಾ?"

ಮೂವರಲ್ಲಿ ಯಾರು ಮೊದಲು ನಕ್ಕರೋ ಕಾಣಲಿಲ್ಲ. ಅದು ಉಗಿಯುವ ಹೊತ್ತಾಗಿರಲಿಲ್ಲ. ಟೈಂಪೀಸಿಗೆ ಅಲಾರಾಂ ಕೊಟ್ಟಿರಲಿಲ್ಲ. ಐದು ನಿಮಿಷಕ್ಕೆ ಮುಗಿಯುವ ಮಾತು ಅದಾಗಿರಲಿಲ್ಲ. ನಾನು ಡಬ್ಬಿಯ ಮುಚ್ಚಳ ಹಾಕಿಕೊಂಡು ಮೆಟ್ಟಿಲಿಳಿದೆ. ಸ್ಕೇಲು, ಪೆನ್ಸಿಲು, ಗ್ರಾಫ್ ಪುಸ್ತಕ ಅಲ್ಲೇ ಬಿಟ್ಟೆ. ಡಬ್ಬಿ ಮಾತ್ರ ಬಿಡಲಿಲ್ಲ. ಕೋಪದಲ್ಲಿ ಮರೆತು ಹೊತ್ತುಕೊಂಡು ಬಂದೆ ಎಂದು ಮನೆಯಲ್ಲಿ ಹೇಳಿದೆ. ಮರೆತಿರಲಿಲ್ಲ. ಡಬ್ಬಿಯಿಲ್ಲದೆ ಆ ಮೂರು ಎಲೆಯ ನಂಬರು ಬರಿಯ ನಂಬರು ಎಂದು ಮೆಟ್ಟಿಲಿಳಿಯುವಾಗಲೇ ಗೊತ್ತಿತ್ತು. ಬಂದು ಕೇಳಲಿ, ಹೆಸರು ಹಾಕಿದ್ದೇವೆ ಎಂದು ಹೇಳಿ ಕೇಳಲಿ, ಆಮೇಲೆ ನೋಡೋಣ ಎಂದುಕೊಂಡೆ.

ಮುಂದಿನ ಭಾನುವಾರ ಮನೆಗೆ ಬಂದರು. ಮೂವರೂ ಬಂದರು. ಆದರೆ ಕೇಳಲು ಬಂದಿರಲಿಲ್ಲ.

ಸೆಂಟರಿನವರು ನನ್ನ ಸ್ಕೇಲು, ಪುಸ್ತಕ, ಪೆನ್ಸಿಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟರು. "ನಿಮ್ಮ ಸಾಮಾನು ನಮ್ಮಲ್ಲಿ ಯಾಕೆ ಅಂತ ತಂದ್ವಿ ಅಕ್ಕ. ಆಟ ಮುಗೀತು. ನಾಳಿದ್ದು ಬೆಂಗಳೂರಿಗೆ ಹೊರಟಿದ್ದೀವಿ."

"ಬಣ್ಣ?" ಎಂದೆ.

ಕೆ.ಆರ್. ನಗರದವನು ಜೇಬಿನಿಂದ ಉದ್ದನೆಯದೊಂದು ಕಾರ್ಡು ತೆಗೆದು ಬಿಚ್ಚಿದ. ನೂಲಿನ ಅಂಗಡಿಗಳಲ್ಲಿ ಇರುತ್ತದಲ್ಲ, ತುಂಡು ತುಂಡು ನೂಲು ಅಂಟಿಸಿ ಕೆಳಗೆ ನಂಬರು ಬರೆದ ಕಾರ್ಡು, ಅದು. "ಮೈಸೂರಲ್ಲಿ ಸಿಕ್ತು ಮೇಡಂ. ಎಲ್ಲಾ ನಂಬರೂ ಇದರಲ್ಲೇ ಅದೆ. ನಿಮ್ಮ ಡಬ್ಬಿ ನಿಮ್ಮ ಹತ್ರಾನೇ ಇರ್ಲಿ, ಭದ್ರವಾಗಿ."

ನೋಡಿದ ತಕ್ಷಣ ತಿಳಿಯಿತು. ಕಾರ್ಡು ಬೇರೆ ಕಂಪನಿಯದು. ಕಸೂತಿ ಹಾಕುವ ಯಾವ ಹುಡುಗಿಯೂ ಈ ತಪ್ಪು ಮಾಡುವುದಿಲ್ಲ. ಒಂದು ಕಂಪನಿಯ ನಂಬರಿಗೂ ಇನ್ನೊಂದರ ನಂಬರಿಗೂ ಸಂಬಂಧವೇ ಇಲ್ಲ. ಇವರ ಹಳದಿ ಅವರಲ್ಲಿ ಕಂದಾಗಿರಬಹುದು, ಇವರ ಕಂದು ಅವರಲ್ಲಿ ಇನ್ನೇನೋ. ಪಿರಿಯಾಪಟ್ಟಣದವನು ಮೊಬೈಲು ಮುಂದೆ ಹಿಡಿದು ಆಟ ಓಡಿಸಿದ. ಎಲೆ ನಾಲ್ಕನೇ ಬಣ್ಣದವರೆಗೆ ಚೆನ್ನಾಗಿಯೇ ಬಂತು. ಐದನೆಯದಕ್ಕೆ ಕಂದಾಯಿತು. ಆರನೆಯದು ಮಾಸಲು. ಏಳನೆಯದಕ್ಕೆ ಥಳಥಳ ಹೊಂಬಣ್ಣವಾಗಿ 'ಸುಟ್ಟಿತು' ಎಂದು ಬಂತು.

ಮೂವರಿಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಮೂವರ ಮನೆಯಲ್ಲೂ ಬ್ಯಾರನ್ ಇಲ್ಲ. ಹೊಂಬಣ್ಣದ ಮಾತು ನನ್ನಿಂದ ಕೇಳಿ ಮರೆತಿದ್ದರು, ಕಣ್ಣಾರೆ ಕಂಡಿರಲಿಲ್ಲ. ಬೆಂದ ಸೊಪ್ಪೆಂದರೆ ಅವರು ಕಂಡದ್ದು ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ಕಂದು ಸೊಪ್ಪು. ಹಾಗಾಗಿ ಕಂದೇ ಹದ. ಕೊನೆಗೆ ಬಂದ ಹಳದಿ ಬೆಂಕಿಯ ಬಣ್ಣ, ಆದ್ದರಿಂದ ಸುಟ್ಟದ್ದು!

ಹೇಳಬಹುದಿತ್ತು. ಹೇಳಲಿಲ್ಲ. ಹೋಗಲಿ, ಬೆಂಗಳೂರಿನವರೆಗೂ ಹೋಗಲಿ, ಅಲ್ಲಿ ಉಗಿಸಿಕೊಂಡು ಬರಲಿ ಎಂದುಕೊಂಡು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಸಕ್ಕರೆಯನ್ನು ಅಳತೆಗಿಂತ ಒಂದು ಚಮಚ ಹೆಚ್ಚೇ ಹಾಕಿದೆ. ಅಷ್ಟು ಖುಷಿಯಾಗಿತ್ತು.

ಲೋಟ ತರುವಷ್ಟರಲ್ಲಿ ಗಂಡ ಬ್ಯಾರನ್ನಿನ ಕಡೆಯಿಂದ ಬಂದಿದ್ದರು. ಮೈಯೆಲ್ಲ ಹೊಗೆ ವಾಸನೆ. ನನ್ನ ಗ್ರಾಫ್ ಹಾಳೆಯನ್ನು ಎಂದೂ ಕಣ್ಣೆತ್ತಿ ನೋಡದವರು, ನಮ್ಮ ಬ್ಯಾರನ್ನೇ ಮೊಬೈಲಲ್ಲಿ ಬಂದಿದೆ ಎಂದು ಸೆಂಟರಿನವರು ಹೇಳಿದ್ದಕ್ಕೆ ಸೆಟ್ಟು ಕೈಗೆ ತೆಗೆದುಕೊಂಡಿದ್ದರು. ಐದು ಒತ್ತಿದರೆ ಸೌದೆ ಎಂದು ಪಿರಿಯಾಪಟ್ಟಣದವನು ತೋರಿಸಿದ. ಗಂಡ ಕಂಬಕ್ಕೆ ಒರಗಿ ಆಡತೊಡಗಿದರು. ಆಡುವುದೇನು, ಒಲೆಯ ಮುಂದೆ ಕೂತ ಹಾಗೇ ಕೂತಿದ್ದರು. ಸೌದೆ ಒಂದೇ ಸಲ ತುಂಬಲಿಲ್ಲ. ಕಿಂಡಿ ಒಂದಿಷ್ಟೇ ತೆಗೆದರು. ಎಲೆ ನಿಧಾನಕ್ಕೆ ತಿರುಗುತ್ತಾ ಬಂತು. ಕಂದಾದ ಕೂಡಲೇ ನಾಲಿಗೆ ಲೊಚಗುಟ್ಟಿದರು. "ಹೋಯ್ತು. ಉರಿ ಜಾಸ್ತಿಯಾಯ್ತು." ಆದರೂ ಸೆಟ್ಟು ಕೆಳಗಿಡಲಿಲ್ಲ. ಸ್ವಲ್ಪ ಹೊತ್ತಿಗೆ ಎಲೆ ಹೊಂಬಣ್ಣಕ್ಕೆ ತಿರುಗಿತು. ಗಾಬರಿಯಾಗಿ ಇಳಿಸುವ ಗುಂಡಿ ಒತ್ತಿದರು. ಸುಟ್ಟಿತು, ಆಟ ಮುಗಿಯಿತು.

"ಏನ್ರಲಾ ಇದು?" ಎಂದು ಎದ್ದು ನಿಂತರು. "ಕಂದೋದ ಸೊಪ್ಪು ಮತ್ತೆ ಹೊಂಬಣ್ಣಕ್ಕೆ ಬತ್ತದಾ? ಸತ್ತೋನು ಎದ್ದು ಬತ್ತಾನೇನ್ಲಾ? ಇಪ್ಪತ್ತು ವರ್ಷದಿಂದ ಬೇಯಿಸ್ತಿವ್ನಿ, ನನ್ನ ಚಿನ್ನದಂಥ ಸೊಪ್ಪ ಸುಟ್ಟೋಯ್ತು ಅಂತೀರಲ್ಲ! ಹರಾಜು ಕಟ್ಟೆಯಲ್ಲಿ ಯಾವನಾರ ಹಿಂಗಂದಿದ್ರೆ ಕಪಾಳಕ್ಕೆ ಬಿಡ್ತಿದ್ದೆ!"

ಕೆ.ಆರ್. ನಗರದವನು ಕಾರ್ಡನ್ನೂ ಸೆಟ್ಟನ್ನೂ ಬದಲಿಸಿ ಬದಲಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಮುಖದಲ್ಲಿ ಅವನಿಗೆ ಬೇಕಾದ ಉತ್ತರ ಇತ್ತು.

"ನಿಮಗೆ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ಗೊತ್ತಿದ್ದೂ ಕಾಫಿ ಕಾಯಿಸ್ತಾ ಕೂತಿದ್ರಾ!"

"ಮನೆಗೆ ಬಂದೋರಿಗೆ ಕಾಫಿ ಕೊಡೋದು ನಮ್ಮ ಪದ್ಧತಿ ಕಣಪ್ಪ. ಮುಯ್ಯಿ ಬೇರೆ, ಕಾಫಿ ಬೇರೆ."

ಗಂಡ ನನ್ನ ಕಡೆ ತಿರುಗಿದರು. "ಅದೇನದೆಯೋ ಆ ಡಬ್ಬಿಲಿ, ಕೊಟ್ಟು ಕಳ್ಸೇ. ಜನ ನೋಡ್ತಾರೆ ಇದ. ನಮ್ಮ ಸೊಪ್ಪಿನ ಮಾನ ಹೋಯ್ತದೆ."

ನಾನು ಒಳಗಿನಿಂದ ನಮ್ಮ ಮನೆಯ ಟೈಂಪೀಸು ತಂದು ಮೇಜಿನ ಮೇಲಿಟ್ಟೆ. ಐದು ನಿಮಿಷಕ್ಕೆ ಅಲಾರಾಂ ತಿರುಗಿಸಿದೆ. "ಕಟ್ಟಳೆ ಗೊತ್ತಲ್ಲ? ಬಾಯಿ ಬಿಡೋ ಹಾಗಿಲ್ಲ" ಎಂದೆ. ಮೂವರೂ ಬಿಡಲಿಲ್ಲ. ಅದೊಂದು ಆಶ್ಚರ್ಯ. ಅಭ್ಯಾಸ ಅಷ್ಟು ಬಲವಾಗಿತ್ತು. ಎಲೆ ನನ್ನದು, ಒಲೆ ನನ್ನದು, ಬ್ಯಾರನ್ನಿನ ಕಥೆ ನನ್ನದು ಎಂದೆ. ಕೆ.ಆರ್. ನಗರದವನಿಗೆ, ಜಾಗ ಇಲ್ಲ ಎಂದೆಯಲ್ಲ, ನಿನ್ನ ಹೆಸರಿನ ಹಿಂದೆ ಮುಂದೆ ಅಪ್ಪನದು, ಊರಿನದು, ಮನೆತನದ್ದು ಎಲ್ಲ ಸೇರಿ ಹದಿನೆಂಟು ಅಕ್ಷರ ಹಾಕಿಕೊಂಡಿದ್ದೀಯ, ನನ್ನದು ಇಂಗ್ಲಿಷಿನಲ್ಲಿ ಆರೇ ಅಕ್ಷರ, ಎಣಿಸಿದ್ದೇನೆ, ಎಣಿಸುವುದೇ ನನ್ನ ಕಸುಬು ಎಂದೆ. ಹೆಸರು ಮೊದಲು, ಡಬ್ಬಿ ಆಮೇಲೆ.

ಬಾಯಿ ಹಾಕಿದ್ದು ಗಂಡ. ಅವರಿಗೆ ಕಟ್ಟಳೆ ಅನ್ವಯಿಸುವುದಿಲ್ಲವಲ್ಲ. "ನಿನ್ನ ಹೆಸರ್ಯಾಕೆ? ಮನೆ ಹೆಂಗಸಿನ ಹೆಸರು ಕಂಡೋರ ಜೇಬಲ್ಲಿ ಓಡಾಡ್ಬೇಕಾ? ಸೊಪ್ಪು ಸರಿಮಾಡಿ ಕೊಡು, ಸಾಕು."

ಗೋಡೆಗೆ ಒರಗಿ ವೀಳ್ಯದೆಲೆ ಮಡಿಸುತ್ತಿದ್ದ ಅತ್ತೆ ಆಗ ತಲೆ ಎತ್ತಿದರು. ಅವರು ಎಚ್.ಡಿ. ಕೋಟೆಯ ಕಡೆಯವರು, ಅಂತರಸಂತೆಯ ಆಚೆಯ ಕಾಡಂಚಿನವರು. ನನ್ನ ಪರವಾಗಿ ಹದಿನೆಂಟು ವರ್ಷದಲ್ಲಿ ಒಂದು ಮಾತು ಆಡಿದವರಲ್ಲ. ಅಂದೂ ನನ್ನ ಪರವಾಗಿ ಆಡಿದರು ಎಂದು ನಾನು ಹೇಳಲಾರೆ.

"ಆಕಿಸ್ಲಿ ಬುಡೋ ಅವಳ ಎಸರ" ಎಂದರು ಮಗನಿಗೆ. "ನಾಳೆ ಇದ ನೋಡಿ ಉಗಿಯೋರು ಯಾರ ಮಕಕ್ಕೆ ಉಗಿಬೇಕು ಅಂತ ಗೊತ್ತಾಗ್ಬೇಡ್ವಾ? ಇವಳ ಮಕಕ್ಕೇ ಉಗೀಲಿ."

ಪಿರಿಯಾಪಟ್ಟಣದವನು ತಡೆಯಲಾರದೆ ನಕ್ಕ. ಅಷ್ಟರಲ್ಲಿ ಅಲಾರಾಂ ಹೊಡೆಯಿತು. ಕೆ.ಆರ್. ನಗರದವನು ಕಾಫಿ ಮುಟ್ಟದೆ ಎದ್ದ. "ನಡೀರಿ ಸೆಂಟರಿಗೆ" ಎಂದ. ಯಾರಿಗೆ ಹೇಳಿದ ಎಂದು ಅವನ ಮುಖ ನೋಡಿ ತಿಳಿಯುವಂತಿರಲಿಲ್ಲ.

ಅಂದು ಮಧ್ಯಾಹ್ನ ಆ ಗೊಬ್ಬರದ ಘಾಟಿನ ಕೋಣೆಯಲ್ಲಿ ಐದು ಜನ ಇದ್ದೆವು. ಗಂಡ ಹೋದ ವಾರ ಇಳಿಸಿದ ಸೊಪ್ಪಿನಲ್ಲಿ ಮೂರು ಎಲೆ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಒಣಗಿದ ಎಲೆ ಮುರಿಯಬಾರದಲ್ಲ. ಕೆ.ಆರ್. ನಗರದವನು ಮೊದಲು ಹೆಸರಿನ ಪರದೆ ತೆರೆದ. ತನ್ನ ಹೆಸರಿನಿಂದ ಎರಡು ತುಂಡು ಅಳಿಸಿದ. ಕೆಳಗೆ ನನ್ನ ಹೆಸರು ಹೊಡೆದ. ಒಂದೊಂದು ಅಕ್ಷರಕ್ಕೂ ಗುಂಡಿಯನ್ನು ಕುಟ್ಟುತ್ತಿದ್ದ. ಆಮೇಲೆ ನಾನು ಡಬ್ಬಿ ತೆರೆದೆ. ನಾನು ನೂಲು ಹಿಡಿದೆ, ಅದರ ಪಕ್ಕ ಗಂಡ ಎಲೆ ಹಿಡಿದರು, ಅವನು ಬಣ್ಣ ಕೂಡಿಸಿದ. ನಂಬರು ಬಿಟ್ಟು ಬೇರೆ ಮಾತು ಯಾರೂ ಆಡಲಿಲ್ಲ. ಹೊಂಬಣ್ಣ ಬಂದಾಗ ಗಂಡ "ಹೂಂ" ಎಂದರು, ಅಷ್ಟೇ. 'ಇನ್ನೊಂಚೂರು ಅರಿಶಿನ' ಎನ್ನಲು ನನಗೂ ನಾಲಿಗೆ ಏಳಲಿಲ್ಲ. ಬೆರಳು ಮೇಲೆತ್ತಿ ತೋರಿಸಿದೆ.

ಆ ಮೂವರೂ ಬೆಂಗಳೂರಿಗೆ ಹೋಗಿ ಬಂದರು. ಕಂಪನಿಯವರು ಆಟ ತೆಗೆದುಕೊಂಡರು. ಅದನ್ನು ನನಗೆ ಹೇಳಿದವಳು ಕಸೂತಿ ಕಲಿಯುತ್ತಿದ್ದ ಸೆಂಟರಿನವರ ಹೆಂಡತಿ. ಅವಳೂ ತಲೆ ಬಗ್ಗಿಸಿಕೊಂಡೇ ಹೇಳಿದಳು. ಹೆಸರಿನ ಪರದೆ ತೆರೆದು, ಕೆಳಗಿನ ಗುಂಡಿಯನ್ನು ಮೂರು ಸಲ ಒತ್ತಿದರೆ ನನ್ನ ಹೆಸರು ಕಾಣುತ್ತದೆ. ನೋಡಿದೆ. ಇತ್ತು.

ಆಮೇಲಿನ ಭಾನುವಾರ ಎಂದಿನಂತೆ ಹೋದೆ. ಬೇಡ ಎಂದು ಯಾರೂ ಹೇಳಿರಲಿಲ್ಲ. ಮೇಜಿನ ಸುತ್ತ ನಾಲ್ಕು ಕುರ್ಚಿ ಎಂದಿನಂತೆ ಇದ್ದವು. ಆ ವಾರ ಹೊಸದಾಗಿ ಎತ್ತಿನ ಗಾಡಿಯೊಂದನ್ನು ಬರೆದಿದ್ದೆ. ಅದರ ಚಕ್ರ ಸರಿಯಾಗಿರಲಿಲ್ಲ. ಅಚ್ಚು ನಡುವೆ ಕೂತಿರಲಿಲ್ಲ. ಅದು ನನಗೇ ಕಾಣುತ್ತಿತ್ತು. ಆದರೂ ಹಾಗೇ ತಂದಿದ್ದೆ. ಹಾಳೆ ಮೇಜಿನ ಮೇಲಿಟ್ಟೆ. ಸೆಂಟರಿನವರು ಟೈಂಪೀಸು ತಿರುಗಿಸಿದರು.

ಯಾರೂ ಉಗಿಯಲಿಲ್ಲ.

ಮೊದಲು, ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ. ಪಿರಿಯಾಪಟ್ಟಣದವನು, ಎಲ್ಲದಕ್ಕೂ ನಗುವವನು, ಒಂದು ಸೆಟ್ಟಿನ ಹಿಂದಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದ. ಸೆಂಟರಿನವರು ಮುಳ್ಳು ನೋಡುತ್ತಿದ್ದರು. ಕೆ.ಆರ್. ನಗರದವನು ನನ್ನ ಗಾಡಿಯನ್ನೇ ನೋಡುತ್ತಿದ್ದ. ಚಕ್ರದ ತಪ್ಪು ಅವನ ಕಣ್ಣಿಗೆ ಬಿದ್ದದ್ದು ನನಗೆ ಕಂಡಿತು. ತುಟಿ ಒಮ್ಮೆ ಅಲುಗಿತು. ಮತ್ತೆ ಕೂಡಿಕೊಂಡಿತು. ಕಟ್ಟಳೆಯಂತೆ ನಾನು ಮಾತಾಡುವಂತಿರಲಿಲ್ಲ. ಉಗಿಯಿರಪ್ಪ, ಪೊರಕೆ ಎನ್ನಿ, ಕೋಳಿ ಎನ್ನಿ ಎಂದು ಕೇಳಿಕೊಳ್ಳುವಂತಿರಲಿಲ್ಲ. ಕೆಳಗೆ ಗೊಬ್ಬರದ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು. ಐದು ನಿಮಿಷ ಎಷ್ಟು ಉದ್ದ ಎಂದು ಗೊತ್ತಾಗಲು ನನಗೆ ಅಷ್ಟು ಭಾನುವಾರ ಬೇಕಾದವು.

ಗಂಟೆ ಹೊಡೆಯಿತು. "ಸರಿ, ಮುಂದಿನೋರು" ಎಂದರು ಸೆಂಟರಿನವರು.

ಮುಂದಿನವನದು, ಅದರ ಮುಂದಿನವನದು ನಡೆಯಿತು. ಅವರವರಲ್ಲಿ ಚೆನ್ನಾಗಿಯೇ ಉಗಿದುಕೊಂಡರು. ನಾನೂ ಒಂದೆರಡು ಮಾತು ಸೇರಿಸಿದೆ. ಆ ಮಾತುಗಳು ಬಿದ್ದಲ್ಲೇ ಬಿದ್ದಿದ್ದವು, ಯಾರೂ ಎತ್ತಿಕೊಳ್ಳಲಿಲ್ಲ. ಹನ್ನೆರಡಕ್ಕೆ ಗಾಡಿಯ ಹಾಳೆ ಮಡಿಸಿ, ಡಬ್ಬಿ ಎತ್ತಿಕೊಂಡು, ಸ್ಕೇಲು ಪೆನ್ಸಿಲನ್ನೂ ಮರೆಯದೆ ತೆಗೆದುಕೊಂಡು ಮೆಟ್ಟಿಲಿಳಿದೆ.

ಮನೆಯಲ್ಲಿ ಅತ್ತೆ ಜಗಲಿಯಲ್ಲಿ ಕೂತಿದ್ದರು. ಬೇಗ ಬಂದದ್ದು ನೋಡಿ, "ಏನಂದ್ರೆ ಇವತ್ತು?" ಎಂದರು.

"ಏನೂ ಅನ್ನಲಿಲ್ಲ."

ಅತ್ತೆ ಬಾಯಲ್ಲಿದ್ದುದನ್ನು ಅಂಗಳಕ್ಕೆ ಉಗಿದು, ತುಟಿ ಒರೆಸಿಕೊಂಡರು. ಜಗಳದ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ತಿಳಿವಳಿಕೆ.

"ಅಂಗಾರೆ ಮುಗೀತು ಬುಡು" ಎಂದರು. "ಒಲೆಗೆ ಎಸರಿಡು."

ಅಳೆದಿಟ್ಟ ಹಿಟ್ಟು ಅಲ್ಲೇ ಇತ್ತು. ಎಸರಿಟ್ಟೆ. ಅದು ಕುದಿಯುವವರೆಗೆ ಹಾಳೆ ಬಿಚ್ಚಿ, ಗಾಡಿಯ ಅಚ್ಚನ್ನು ಅಳಿಸಿ ಎರಡು ಮನೆ ಬಲಕ್ಕೆ ಸರಿಸಿದೆ. ಚಕ್ರ ಸರಿಹೋಯಿತು.